ಆಟ ಮುಗಿಯುವ ತನಕ

ಹ್ಯೂಸ್ಟನ್
ಭಾನುವಾರ, ೨೨ ಸೆಪ್ಟೆಂಬರ್ ೧೯೬೮

ಪ್ರೀತಿಯ ವಿಜಯಾ,

ನಿನ್ನ ಜುಲೈ ತಿಂಗಳ ಕಾಗದ ಬಂತು. ಆಮೇಲೆ ‘ಯಾಕೆ ಉತ್ತರವೇ ಇಲ್ಲ, ಗೋವಿಂದು ಹೇಗಿದ್ದಾನೆ, ಒಂದು ಸಾಲಾದರೂ ಬರಿ’ ಅಂತ ಗಾಬರಿಯಾಗಿ ಬರೆದದ್ದೂ ಬಂತು. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಕಣೇ. ಎಷ್ಟೋ ಸಲ ಬರೆಯಲು ಕೂತಿದ್ದೇನೆ, ನಿನ್ನ ಹೆಸರು ಬರೆದು ಎದ್ದುಬಿಟ್ಟಿದ್ದೇನೆ. ಮೊದಲು ಇದನ್ನು ಓದಿಕೊಂಡು ಸಮಾಧಾನವಾಗು: ನಿನ್ನ ತಮ್ಮ ಆರೋಗ್ಯವಾಗಿದ್ದಾನೆ. ನಮ್ಮ ಮನೆಯಲ್ಲೇ ಇದ್ದಾನೆ. ನಾನು ಇದನ್ನು ಬರೆಯುತ್ತಿರುವಾಗ ಇವರ ಜೊತೆ ಹೊರಗೆ ಕಾರು ತೊಳೆಯುತ್ತಿದ್ದಾನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಎಣ್ಣೆ ಕಂಪನಿಯಲ್ಲಿ ಕೆಲಸ ಜಾಸ್ತಿ, ನನಗೆ ಇಲ್ಲಿನ ಸೆಖೆ ಜಾಸ್ತಿ, ಅಷ್ಟೆ. ನಿನ್ನ ಮಂಡಿನೋವು ಹೇಗಿದೆ? ಅಮ್ಮನವರು ಸರಿಯಾಗಿ ಊಟ ಮಾಡುತ್ತಿದ್ದಾರಾ?

ಗೋವಿಂದುವಿಗೆ ಗೊತ್ತಾಗಿದೆ, ವಿಜಯಾ. ನಿಮ್ಮ ಅಪ್ಪನವರು ಇನ್ನಿಲ್ಲ ಅನ್ನುವುದು ಗೊತ್ತಾಗಿದೆ. ನಾನಾಗಿ ಹೇಳಲಿಲ್ಲ. ಹೇಗಾಯಿತು ಅನ್ನುವುದನ್ನು ಮೊದಲಿನಿಂದಲೇ ಬರೆಯಬೇಕು. ಯಾಕೆಂದರೆ ಅವನ ಆಟದ ಬಗ್ಗೆ ನಿನಗೆ ಈವರೆಗೆ ಬಂದ ಸುದ್ದಿಯಲ್ಲಿ ಅರ್ಧಕ್ಕರ್ಧ ನಿಜವಲ್ಲ.

ಏಪ್ರಿಲ್‌ನಲ್ಲಿ ಲೀಗ್ ಶುರುವಾದಾಗ ನಮಗೆಲ್ಲ ಎಷ್ಟು ಹೆಮ್ಮೆ ಇತ್ತು ಗೊತ್ತಾ. ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಕ್ವಾರ್ಟರ್ಸಿನ ಹುಡುಗ, ಗಿರಣಿ ತಂಡದ ಗೋಲ್‌ಕೀಪರ್ ತಿಮ್ಮಯ್ಯನವರ ಮಗ, ಅಮೆರಿಕದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಾನೆ ಅಂದರೆ! ಬೆಂಗಳೂರಿಗೆ ತರಬೇತಿ ಕೊಡಲು ಬಂದಿದ್ದ ಆ ಇಂಗ್ಲಿಷ್ ಕೋಚ್ ಇಲ್ಲಿ ಬೇಯೂ ರೋವರ್ಸ್ ತಂಡ ಕಟ್ಟುವಾಗ ಇವನನ್ನು ನೆನಪಿಟ್ಟುಕೊಂಡು ಕರೆಸಿಕೊಂಡರಲ್ಲ, ಅವರು ಒಳ್ಳೆಯ ಮನುಷ್ಯರೇ. ಬೇಯೂ ಅಂದರೆ ಈ ಊರೊಳಗೆ ಹರಿಯುವ ಮಣ್ಣುಬಣ್ಣದ ಹೊಳೆಗಳು. ಹೆಸರು ಕೇಳಿದಾಗಲೇ ಗೋವಿಂದು ‘ಹೊಳೆ ತಂಡ ಅಂತ ಹೆಸರಿಟ್ಟಿದ್ದಾರೆ, ಗೋಲು ಎಷ್ಟು ಹರಿದುಹೋಗುತ್ತೋ’ ಅಂತ ನಕ್ಕಿದ್ದ.

ಹಾಗೇ ಆಯಿತು. ಇಲ್ಲಿಯವರಿಗೆ ಫುಟ್‌ಬಾಲ್ ಅಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಬೇರೆಯದೇ ಆಟ. ನಮ್ಮದನ್ನು ಸಾಕರ್ ಅನ್ನುತ್ತಾರೆ, ಅದೇನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಆಟಕ್ಕೆ ಕುತೂಹಲಕ್ಕೆ ಬಂದವರು ಎರಡನೆಯದಕ್ಕೆ ಬರಲಿಲ್ಲ. ತಂಡದಲ್ಲಿ ಇಂಗ್ಲೆಂಡಿನವರು, ಸ್ಕಾಟ್ಲೆಂಡಿನವರು, ಟ್ರಿನಿಡಾಡಿನವರು, ಒಬ್ಬೊಬ್ಬರದು ಒಂದೊಂದು ರೀತಿಯ ಆಟ. ಒಬ್ಬನಿಗೆ ಚೆಂಡು ಬೇಕಾದ ಕಡೆ ಇನ್ನೊಬ್ಬ ಕೊಡುತ್ತಿರಲಿಲ್ಲ. ಬಿಸಿಲಿಗೆ ನೆಲ ಹಂಚಿನಂತಾಗಿ, ಒಬ್ಬೊಬ್ಬರಾಗಿ ಕಾಲು ನೋವು, ತೊಡೆ ನೋವು ಅಂತ ಕೂತರು. ಸೋಲಿನ ಮೇಲೆ ಸೋಲು. ಮೊದಮೊದಲು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮಾಲೀಕ ಜೂನ್ ಹೊತ್ತಿಗೆ ಬರುವುದನ್ನೇ ಬಿಟ್ಟ. ಒಂದು ಬದಿಯ ಗ್ಯಾಲರಿಗೆ ಹಗ್ಗ ಕಟ್ಟಿ ಮುಚ್ಚಿಬಿಟ್ಟರು. ಜನ ಎಷ್ಟು ಕಡಿಮೆ ಅಂದರೆ, ಇವರು ‘ಗೋವಿಂದು, ಎಡಗಡೆ ನೋಡ್ಕೊಳೋ’ ಅಂತ ಕೂಗಿದರೆ ಮೈದಾನದ ಆ ಕಡೆಗೂ ಕೇಳುತ್ತಿತ್ತು. ಎದುರು ತಂಡದವರೂ ತಿರುಗಿ ನೋಡುತ್ತಿದ್ದರು.

ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಸಾರು ಅನ್ನ ಉಂಡು ಮೇಜಿನ ಮೇಲೆ ಲೋಟಗಳನ್ನು ಜೋಡಿಸಿ, ನಿಂಬೆಹಣ್ಣು ಉರುಳಿಸಿ, ಯಾವ ಗೋಲು ಹೇಗೆ ಹೋಯಿತು ಅಂತ ನನಗೆ ತೋರಿಸುತ್ತಿದ್ದ. ‘ಇದು ನನ್ನ ತಪ್ಪು ಅಕ್ಕ. ಇದು ನಂದಲ್ಲ. ಇದು ಮಾತ್ರ ಅಪ್ಪ ನೋಡಿದ್ರೆ ಬೂಟು ಬಿಚ್ಚಿ ಹೊಡೀತಿದ್ರು.’ ಎಲ್ಲ ಆದಮೇಲೆ ಅದೇ ಮಾತು, ‘ಸೋತ್ವಿ ಅಂತ ಮನೆಗೆ ಬರೀಬೇಡಿ ಅಕ್ಕ. ಡ್ರಾ ಆಯ್ತು ಅಂತ ಬರೀರಿ. ಅಪ್ಪ ಗಿರಣಿ ಗೇಟ್ ಹತ್ರ ಹೋಗಿ ಎಲ್ಲರ ಹತ್ರ ಹೇಳ್ಕೋತಿರ್ತಾರೆ.’ ನಿನಗೆ ಬಂದ ಆ ಡ್ರಾಗಳೆಲ್ಲ ಹಾಗೆ ಬಂದವು ವಿಜಯಾ. ಇಡೀ ಲೀಗಿನಲ್ಲಿ ಅವರು ಗೆದ್ದದ್ದು ಎರಡೇ ಆಟ.

ಮೊದಲ ಗೆಲುವು ಮೇ ಹದಿನೆಂಟನೆಯ ತಾರೀಕು, ಶನಿವಾರ. ಅವತ್ತು ಕೊನೇ ನಿಮಿಷದಲ್ಲಿ ಗೋವಿಂದು ಒಂದು ಪೆನಾಲ್ಟಿ ತಡೆದ. ತಂಡದವರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿ, ತಾವು ಉಳಿದುಕೊಂಡಿದ್ದ ಹೋಟೆಲಿನ ಈಜುಕೊಳಕ್ಕೆ ಬಟ್ಟೆ ಸಮೇತ ಎಸೆದರಂತೆ. ಒದ್ದೆ ತಲೆಯಲ್ಲೇ ನಮ್ಮ ಮನೆಗೆ ಬಂದು ಬಿಸಿಬೇಳೆ ಭಾತ್ ಮಾಡಿಸಿಕೊಂಡು ತಿಂದ. ಇವರ ರೇಡಿಯೋದಲ್ಲಿ ಯಾವುದೋ ಹಾಡು ಬರುತ್ತಿತ್ತು, ಅದಕ್ಕೆ ಇಬ್ಬರೂ ಹಾಲಿನಲ್ಲಿ ಕುಣಿದರು.

ತಿಂಗಳ ಕೊನೆಯಲ್ಲಿ ನಿನ್ನ ಕಾಗದ ಬಂತು. ಅಪ್ಪನವರಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದು, ಅವರು ನಿನ್ನ ಕೈ ಹಿಡಿದು ‘ಆಟ ಮುಗಿಯುವ ತನಕ ಹುಡುಗನಿಗೆ ತಿಳಿಸಬೇಡಿ, ಗೋಲಿನಲ್ಲಿ ನಿಂತವನ ಮನಸ್ಸು ಎರಡು ಕಡೆ ಇರಬಾರದು’ ಅಂದದ್ದು, ಹದಿನೆಂಟನೆಯ ತಾರೀಕು ಬೆಳಿಗ್ಗೆ ಹೋಗಿಬಿಟ್ಟದ್ದು. ಓದುತ್ತಾ ಓದುತ್ತಾ ಆ ತಾರೀಕಿನ ಹತ್ತಿರ ನನ್ನ ಕಣ್ಣು ನಿಂತುಹೋಯಿತು. ನಾನೂ ಹೇಳಬಾರದು ಅಂತ ಅದೇ ಕಾಗದದಲ್ಲಿ ನೀನು ನನ್ನಿಂದ ಮಾತು ಕೇಳಿದ್ದೆ. ಸಾಯುವವರು ಕೇಳಿದ್ದು, ಇಲ್ಲ ಅನ್ನುವುದು ಹೇಗೆ? ಆ ಕಡೆಯಿಂದ ನೀವು ಸಾವನ್ನು ಮುಚ್ಚಿಟ್ಟಿರಿ, ಈ ಕಡೆಯಿಂದ ಅವನು ಸೋಲನ್ನು ಮುಚ್ಚಿಟ್ಟ. ನಡುವೆ ನಾನು ಕಾಗದ ಬರೆಯುತ್ತಾ ಕೂತಿದ್ದೆ.

ಅಪ್ಪನವರಿಗೆ ಮೊದಲಿಂದಲೂ ನೀನೇ ತಾನೇ ಕಾಗದ ಬರೆದುಕೊಡುತ್ತಿದ್ದದ್ದು. ಅದೇ ಅಕ್ಷರದಲ್ಲಿ, ಅವರ ಹೆಸರಿನಲ್ಲೇ, ಜೂನ್‌ನಲ್ಲೂ ಜುಲೈನಲ್ಲೂ ಬಂತು. ಗೋವಿಂದು ಅವನ್ನು ತಂದು ನನ್ನ ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ‘ನೋಡಿ ಅಕ್ಕ, ಹಿಮ್ಮಡಿ ಊರಬೇಡ, ಮುಂಗಾಲಲ್ಲಿ ನಿಂತ್ಕೋ ಅಂತ ಬರೆಸಿದ್ದಾರೆ. ಇಲ್ಲೇ ಕೂತು ನೋಡ್ತಿರೋ ಹಾಗೆ.’ ನಾನು ಒಲೆಯ ಕಡೆ ತಿರುಗಿ ನಿಂತು ಹೂಂ ಅನ್ನುತ್ತಿದ್ದೆ.

ಆಗಸ್ಟ್ ಮಧ್ಯದಲ್ಲಿ ಹ್ಯೂಸ್ಟನ್ನಿನಲ್ಲಿ ಜನ ಬರುವುದಿಲ್ಲ ಅಂತ ಒಂದು ಆಟವನ್ನು ಆಸ್ಟಿನ್ ಅನ್ನುವ ಊರಿನಲ್ಲಿ ಇಟ್ಟರು. ಅಲ್ಲಿ ಯೂನಿವರ್ಸಿಟಿ ಇದೆ, ಹೊರದೇಶದ ಹುಡುಗರು ತುಂಬ ಓದುತ್ತಾರೆ, ನೋಡಲು ಬಂದಾರು ಅಂತ. ನಾವೂ ಕಾರಿನಲ್ಲಿ ಹೋದೆವು. ಗೋವಿಂದುವಿಗೆ ಊರಿನ ಹೆಸರೇ ಖುಷಿ. ‘ಕೊನೆಗೂ ನಮ್ಮ ಆಸ್ಟಿನ್‌ಗೇ ಬಂದ್ವಲ್ಲ ಅಕ್ಕ. ಇಲ್ಲಾದ್ರೂ ಗೆಲ್ಬೇಕು’ ಅಂದ.

ನಿಜವಾಗಿಯೂ ನಮ್ಮ ದೇಶದ ಹುಡುಗರು ಒಂದು ಸಾಲು ತುಂಬ ಬಂದಿದ್ದರು. ಆಟ ಶುರುವಾಗುವ ಮೊದಲು ಅವರಲ್ಲೊಬ್ಬ ಬೇಲಿಯ ಹತ್ತಿರ ಬಂದ. ಮಹಾಬಲೇಶ್ವರ ಅಂತ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವರ ಮನೆ ಬೆಂಗಳೂರಿನಲ್ಲಿ ನಮ್ಮ ಮೈದಾನದ ಹಿಂದಿನ ರಸ್ತೆಯಲ್ಲೇ ಅಂತೆ. ಪಾಪ, ಒಳ್ಳೆಯ ಹುಡುಗ. ಬೇಲಿಯಾಚೆಯಿಂದ ಕೈ ಚಾಚಿ ಗೋವಿಂದುವಿನ ಕೈ ಹಿಡಿದುಕೊಂಡು, ‘ತಿಮ್ಮಯ್ಯನವರ ವಿಷಯ ನಮ್ಮ ತಂದೆ ಬರೆದಿದ್ರು. ಕೇಳಿ ತುಂಬ ಸಂಕಟ ಆಯ್ತು. ಅಂಥ ಗೋಲ್‌ಕೀಪರ್ ಇನ್ನೊಬ್ಬರನ್ನ ನಾನು ನೋಡಿಲ್ಲ’ ಅಂದ.

ಗೋವಿಂದು ‘ಏನು ವಿಷಯ?’ ಅಂದ.

ಆ ಹುಡುಗನ ಮುಖ ಬಿಳಚಿಕೊಂಡಿತು. ಹಿಡಿದ ಕೈ ಬಿಡಲಿಲ್ಲ. ಗೋವಿಂದು ತಿರುಗಿ ನನ್ನನ್ನು ನೋಡಿದ. ನಾನು ಮೊದಲ ಸಾಲಿನಲ್ಲೇ ಕೂತಿದ್ದೆ. ಯಾಕೋ ಗೊತ್ತಿಲ್ಲ, ಎದ್ದು ನಿಂತುಬಿಟ್ಟೆ. ನಾನು ಎದ್ದದ್ದೇ ಅವನಿಗೆ ಉತ್ತರವಾಯಿತು ಅಂತ ಕಾಣುತ್ತೆ.

‘ಯಾವಾಗ ಅಕ್ಕ?’

‘ಮೇ ತಿಂಗಳಲ್ಲಿ ಕಣೋ.’

‘ಮೇನಲ್ಲಿ’ ಅಂದ. ಅಷ್ಟರಲ್ಲಿ ಸೀಟಿ ಊದಿದರು. ಇವರು ಓಡಿಹೋಗಿ ಕೋಚ್‌ಗೆ ವಿಷಯ ತಿಳಿಸಿದರು. ಅವರು ಬದಲಿ ಗೋಲ್‌ಕೀಪರನ್ನು ಎಬ್ಬಿಸಿದರು. ಗೋವಿಂದು ಬೇಡ ಅಂತ ತಲೆಯಾಡಿಸಿ, ಗ್ಲೌಸ್ ಹಾಕಿಕೊಂಡು ಹೋಗಿ ಗೋಲಿನಲ್ಲಿ ನಿಂತ.

ಅವತ್ತು ಅವನು ಅದ್ಭುತವಾಗಿ ಆಡಿದ ಅಂತ ಬರೆದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಇಲ್ಲ. ಇನ್ನು ನಮ್ಮಿಬ್ಬರ ನಡುವೆ ಮುಚ್ಚುಮರೆ ಬೇಡ. ಮೊದಮೊದಲು ಒಂದೆರಡು ಚೆಂಡು ಹಿಡಿದ. ಆಮೇಲೆ ದೂರದಿಂದ ಮೆಲ್ಲಗೆ ಉರುಳಿಕೊಂಡು ಬಂದ ಒಂದು ಚೆಂಡು, ಎಳೆ ಮಗುವೂ ಹಿಡಿಯಬಹುದಾದ ಚೆಂಡು, ಅದನ್ನು ನೋಡುತ್ತಾ ನಿಂತ. ಅದು ಅವನ ಕಾಲಿನ ಪಕ್ಕದಲ್ಲೇ ಒಳಗೆ ಹೋಯಿತು. ಜನ ನಕ್ಕರು. ತಂಡದವನೊಬ್ಬ ಹತ್ತಿರ ಬಂದು ಏನೋ ಕೆಟ್ಟದಾಗಿ ಬೈದ. ಗೋವಿಂದು ಬಲೆಯಿಂದ ಚೆಂಡು ತೆಗೆದು ಅವನ ಕೈಗೆ ಕೊಟ್ಟ. ಇನ್ನೂ ಎರಡು ಗೋಲು ಹೋದವು. ನಮ್ಮ ಹುಡುಗರ ಸಾಲಿನಲ್ಲಿ ಮಹಾಬಲೇಶ್ವರ ತಲೆ ಎತ್ತಲೇ ಇಲ್ಲ.

ವಾಪಸು ಬರುವಾಗ ಅವನನ್ನು ತಂಡದ ಬಸ್ಸಿಗೆ ಬಿಡದೆ ನಮ್ಮ ಕಾರಿನಲ್ಲೇ ಕರೆತಂದೆವು. ನಾನು ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತಿದ್ದೆ. ಬಹಳ ದೂರ ಬಂದಮೇಲೆ ಕೇಳಿದ, ‘ಮೇನಲ್ಲಿ ಯಾವತ್ತು?’ ಹೇಳಿದೆ. ಕಿಟಕಿಯ ಕಡೆ ತಿರುಗಿಕೊಂಡ. ಆಮೇಲೆ, ‘ಅವತ್ತು ನಾನು ಕುಣಿದೆ ಅಕ್ಕ’ ಅಂದ. ಇವರು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದರು. ಅವನ ಜೊತೆ ಇವರೂ ಕುಣಿದಿದ್ದರಲ್ಲ.

ಅಪ್ಪನವರೇ ಹಾಗೆ ಹೇಳಿದ್ದು ಅಂತ ಎಲ್ಲ ವಿವರಿಸಿದೆ. ಗೋಲಿನಲ್ಲಿ ನಿಂತವನ ಮನಸ್ಸು ಅಂತ ಅವರು ಅಂದದ್ದನ್ನೂ ಹೇಳಿದೆ. ಕೇಳಿಸಿಕೊಂಡ. ‘ಈ ಆಟಕ್ಕಾ?’ ಅಂತ ಮಾತ್ರ ಅಂದ. ಮಾರನೆಯ ದಿನ ಜೂನ್, ಜುಲೈ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟ. ‘ಇದೆಲ್ಲ ವಿಜಯಕ್ಕನೇ ಬರೆದದ್ದಾ? ಮುಂಗಾಲಲ್ಲಿ ನಿಂತ್ಕೋ ಅನ್ನೋದು?’ ಹೌದು ಅಂದೆ. ‘ಅಪ್ಪ ಹೇಳೋ ಹಾಗೇ ಇತ್ತು’ ಅಂದ. ಸಿಟ್ಟಿನಿಂದ ಹೇಳಿದ್ದಲ್ಲ ವಿಜಯಾ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ನನ್ನ ಅಜ್ಜಿ ಹೇಳುತ್ತಿದ್ದದ್ದು ನೆನಪಿತ್ತು, ದೂರದಲ್ಲಿರುವ ಮಗನಿಗೆ ಸುದ್ದಿ ಕಿವಿಗೆ ಬಿದ್ದ ದಿನದಿಂದ ಸೂತಕ ಅಂತ. ಹಾಗೆ ಎಣಿಸಿದರೆ ಹನ್ನೊಂದನೆಯ ದಿನ ಅವರ ಕೊನೆಯ ಆಟ, ಡಲ್ಲಾಸ್‌ನಲ್ಲಿ. ಆಡಲು ಹೋಗಬೇಡ ಅಂದೆ. ಬದಲಿ ಹುಡುಗ ಕೈಬೆರಳು ಮುರಿದುಕೊಂಡಿದ್ದಾನೆ, ಬೇರೆ ಯಾರೂ ಇಲ್ಲ ಅಂದ. ಸರಿ, ಹಿಂದಿನ ದಿನವೇ ನಾವೂ ಹೋದೆವು. ನಾನು ಎಳ್ಳು ಕಟ್ಟಿಕೊಂಡಿದ್ದೆ. ಬೆಳಿಗ್ಗೆ, ತಂಡದವರೂ ಇಳಿದುಕೊಂಡಿದ್ದ ಮೋಟೆಲಿನ ನಮ್ಮ ಕೋಣೆಯಲ್ಲೇ ಸಣ್ಣ ಸ್ಟವ್ ಹಚ್ಚಿ ಅನ್ನ ಮಾಡಿದೆ.

ತಲೆ ಬೋಳಿಸಬೇಕಲ್ಲ, ಎಲ್ಲಿಗೆ ಹೋಗುವುದು? ಗೋವಿಂದು ತಾನೇ ಕನ್ನಡಿ ಮುಂದೆ ಬ್ಲೇಡ್ ಹಿಡಿದು ನಿಂತಿದ್ದನಂತೆ. ಅದನ್ನು ನೋಡಿ ತಂಡದ ಕ್ಯಾಪ್ಟನ್ ಡಗ್ಲಸ್ ಒಳಗೆ ಬಂದಿದ್ದಾನೆ. ಸ್ಕಾಟ್ಲೆಂಡಿನವನು, ಆಸ್ಟಿನ್‌ನಲ್ಲಿ ಬೈದವನು ಅವನೇ. ಏನು ಅಂತ ಕೇಳಿ ತಿಳಿದುಕೊಂಡು, ‘ಕೂತ್ಕೋ, ನಮ್ಮಪ್ಪ ಹೋದಾಗ ನಾನೂ ದೂರ, ಹಡಗಿನಲ್ಲಿದ್ದೆ’ ಅಂದನಂತೆ. ತನ್ನ ಶೇವಿಂಗ್ ಸೆಟ್ ತಂದು, ಮೋಟೆಲಿನ ಟವೆಲ್ ಹೊದಿಸಿ, ಒಂದು ಗಾಯವೂ ಆಗದ ಹಾಗೆ ಬೋಳಿಸಿದ. ನಾನು ಹೋಗಿ ನೋಡಿದಾಗ ಸೋಪಿನ ನೊರೆ ಒರೆಸುತ್ತಿದ್ದ. ಆಮೇಲೆ ನಮ್ಮ ಜೊತೆ ತಾನೂ ಬಂದ.

ಡಲ್ಲಾಸ್‌ನಿಂದ ಮೇಲಕ್ಕೆ ಲೂಯಿಸ್‌ವಿಲ್ ಅಂತ ಚಿಕ್ಕ ಊರು, ಅಲ್ಲಿ ಒಂದು ದೊಡ್ಡ ಕೆರೆ ಇದೆ. ಆಚೆ ದಡ ಕಾಣುವುದಿಲ್ಲ. ಮೀನು ಹಿಡಿಯುವವರು ಒಂದಿಬ್ಬರು ದೂರದಲ್ಲಿದ್ದರು. ಗೋವಿಂದು ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಅನ್ನ, ಎಳ್ಳು ನೀರಿಗೆ ಬಿಟ್ಟ. ಮಂತ್ರ ನಮಗೆ ಯಾರಿಗೂ ಬರುತ್ತಿರಲಿಲ್ಲ. ‘ಅಪ್ಪಾ’ ಅಂತ ಕರೆದ, ಅಷ್ಟೆ. ಕಾಗೆ ಬರುತ್ತಾ ಅಂತ ನಾನು ಕಾದೆ. ಯಾವುದೋ ಬಿಳಿ ಹಕ್ಕಿ ಬಂದು ತಿಂದಿತು. ಡಗ್ಲಸ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ನಿಂತಿದ್ದ.

ಮಧ್ಯಾಹ್ನ ಆಟ. ಬೋಳು ತಲೆ ನೋಡಿ ಗ್ಯಾಲರಿಯಲ್ಲಿ ಕೆಲವರು ನಕ್ಕರು, ಮೊಟ್ಟೆ ಅಂತ ಕೂಗಿದರು. ಅವತ್ತು ಗೋವಿಂದು ಚೆನ್ನಾಗಿಯೇ ಆಡಿದ, ಇದು ನಿಜ. ಆದರೂ ಸೋತರು. ಎಲ್ಲರೂ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಾಗಲೇ ಮಾಲೀಕನ ಕಡೆಯವನೊಬ್ಬ ಬಂದು, ಮುಂದಿನ ವರ್ಷ ತಂಡ ಇರುವುದಿಲ್ಲ, ಎಲ್ಲರಿಗೂ ಊರಿಗೆ ಟಿಕೆಟ್ ಕೊಡುತ್ತೇವೆ ಅಂತ ಹೇಳಿ ಹೋದನಂತೆ. ಕೋಚ್ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಕುಲುಕಿ, ಗೋವಿಂದುವಿಗೆ ‘ನಿನ್ನನ್ನು ಇಂಥದ್ದಕ್ಕೆ ಕರೆಸಬಾರದಿತ್ತು’ ಅಂದರಂತೆ.

ವಿಜಯಾ, ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪನವರ ಗೋಲಿನ ಹಿಂದೆ ಕಡಲೆಕಾಯಿ ತಿನ್ನುತ್ತಾ ಕೂರುತ್ತಿದ್ದೆವಲ್ಲ. ಸೋತ ದಿನ ಅವರು ಬಲೆ ಎತ್ತಿ ಈಚೆ ಬಂದು ನಮ್ಮ ತಲೆ ಸವರಿ, ‘ನಡೀರಿ, ಇವತ್ತು ಆಯ್ತು’ ಅನ್ನುತ್ತಿದ್ದರು. ಅವತ್ತು ಡಲ್ಲಾಸ್‌ನಲ್ಲಿ ನಾನು ಗೋವಿಂದುವಿಗೆ ಅದನ್ನೇ ಅಂದೆ. ಅವನು ಬ್ಯಾಗು ಎತ್ತಿಕೊಂಡು ನಮ್ಮ ಹಿಂದೆ ಬಂದ.

ಆವತ್ತಿನಿಂದ ನಮ್ಮಲ್ಲೇ ಇದ್ದಾನೆ. ಊಟ ಮಾಡುತ್ತಾನೆ, ಮಲಗುತ್ತಾನೆ, ಕೇಳಿದ ಕೆಲಸ ಮಾಡುತ್ತಾನೆ. ಅಕ್ಟೋಬರ್ ಹತ್ತನೆಯ ತಾರೀಕು ಅವನ ವಿಮಾನ. ನೀನು ನನ್ನ ಮೇಲೆ ಸಿಟ್ಟಾಗಬೇಡ. ನಾನೂ ನಿನ್ನ ಮೇಲೆ ಸಿಟ್ಟಾಗಿಲ್ಲ. ಅಪ್ಪನವರು ಪ್ರೀತಿಯಿಂದ ಕೇಳಿದ್ದು, ನಾವು ಪ್ರೀತಿಯಿಂದ ಮಾಡಿದ್ದು.

ಅಮ್ಮನವರ ಕಾಲಿಗೆ ನಮಸ್ಕಾರ ಅಂತ ಹೇಳು. ನಿಮ್ಮ ಯಜಮಾನರಿಗೆ ಇವರ ವಂದನೆಗಳು. ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ಆಡಲಿ. ದೇವರು ನಿನ್ನ ಮನೆಯನ್ನು ಕಾಪಾಡಲಿ.

ಎಂದೆಂದಿಗೂ ನಿನ್ನ,
ಅನಸೂಯಾ

ತಾ. ಕ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಟಿಕೆಟ್ ಇದೆ ಅಂತ ಬರೆದೆ, ಆದರೆ ಅವನು ಹೊರಡುವ ಮನಸ್ಸು ಮಾಡಿಲ್ಲ ಕಣೇ. ಇಲ್ಲೇ ಎಲ್ಲಾದರೂ ಕೆಲಸ ಸಿಗುತ್ತಾ ಅಂತ ಇವರನ್ನು ಕೇಳಿದ್ದಾನೆ. ಸೋತು ಬಂದೆ ಅಂತ ನಾಚಿಕೆಯೇನೋ, ಆಸ್ಟಿನ್ ಟೌನ್‌ನಲ್ಲಿ ಯಾರು ಏನಂದಾರು ಅಂತ ಈಗ ತಾನೆ ಕೇಳಿದೆ. ‘ಸೋಲಲ್ಲ ಅಕ್ಕ’ ಅಂದ. ‘ಅಲ್ಲಿ ಎಲ್ಲರೂ ಅತ್ತು ಮುಗಿಸಿದ್ದಾರೆ. ಅಮ್ಮ ಎದ್ದು ಅಡಿಗೆ ಮಾಡ್ತಿರ್ತಾಳೆ. ವಿಜಯಕ್ಕ ಮಕ್ಕಳನ್ನ ಸ್ಕೂಲಿಗೆ ಕಳಿಸ್ತಿರ್ತಾಳೆ. ನಾನು ಈಗ ಹೋಗಿ ಬಾಗಿಲಲ್ಲಿ ನಿಂತ್ರೆ, ಯಾರ ಜೊತೆ ಅಳಲಿ?’

ಅವನು ಇನ್ನೂ ಅತ್ತಿಲ್ಲ ವಿಜಯಾ. ಆಸ್ಟಿನ್‌ನಲ್ಲೂ ಇಲ್ಲ, ಕೆರೆಯ ಹತ್ತಿರವೂ ಇಲ್ಲ. ಈ ಕಾಗದ ಕೈಸೇರಿದ ದಿನವೇ ಬಾ ಅಂತ ಅವನಿಗೆ ತಂತಿ ಕೊಡು. ಅವನು ಇಳಿಯುವ ದಿನ ಏರೋಡ್ರೋಮಿಗೆ ನೀನೂ ಅಮ್ಮನವರೂ ಇಬ್ಬರೂ ಹೋಗಿ. ಗಟ್ಟಿ ಮನಸ್ಸು ಮಾಡಿಕೊಂಡು ಹೋಗಬೇಡಿ.